ಹೊಸನಗರದಿಂದ ನೇತ್ರಾಣಿಗೆ: ಒಬ್ಬರೇ ಹೋಗಿ, ಮುಳುಗಿ, ಎದ್ದು ಬನ್ನಿ!

ಪರದೆಯ ಮೇಲೆ ಹೀರೋ ನೀರಿಗೆ ಧುಮುಕುತ್ತಾನೆ. ಬೆನ್ನಿಗೆ ಸಿಲಿಂಡರು, ಬಾಯಿಗೆ ನಳಿಗೆ, ಕಣ್ಣಿಗೆ ಗಾಜು. ಥಿಯೇಟರಿನ ತುಂಬ ನೀಲಿ ಬೆಳಕು. ಮುಂದಿನ ಬೆಂಚಿನಿಂದ ಶಿಳ್ಳೆ, ಬಾಲ್ಕನಿಯಲ್ಲಿ ನಿಶ್ಶಬ್ದ. ಆಟ ಮುಗಿದು ಹೊರಗೆ ಬಂದ ಮೇಲೆ ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ: "ಅದೆಲ್ಲ ದುಡ್ಡಿದ್ದವರ ಆಟ ಮಾರಾಯ. ನಮಗೆಲ್ಲಿಂದ?"

ಅಲ್ಲ ಸ್ವಾಮಿ! ಆ ಆಟದ ಮೈದಾನ ಇರುವುದು ನಮ್ಮ ಘಟ್ಟದ ಬುಡದಲ್ಲೇ. ಹೊಸನಗರದಲ್ಲಿ ಬೆಳಿಗ್ಗೆ ಕಾಫಿ ಕುಡಿದು ಬಸ್ಸು ಹತ್ತಿದವನು ಮಧ್ಯಾಹ್ನದ ಊಟಕ್ಕೆ ಮುರುಡೇಶ್ವರದಲ್ಲಿರಬಹುದು. ಮಾರನೆಯ ದಿನ ಅರಬ್ಬೀ ಸಮುದ್ರದ ಅಡಿಯಲ್ಲಿ ಮೀನುಗಳ ಜೊತೆ ಇರಬಹುದು. ಜೊತೆಗೆ ಗೆಳೆಯರ ದಂಡು ಬೇಕಿಲ್ಲ. ಸಾಹುಕಾರನ ಮಗನಾಗಬೇಕಿಲ್ಲ. ಈಜು ಕೂಡ ಬರಬೇಕಿಲ್ಲ! ಬೇಕಾದದ್ದು ಸ್ವಲ್ಪ ಲೆಕ್ಕಾಚಾರ, ಸ್ವಲ್ಪ ತಾಳ್ಮೆ, ಹೇಳಿದ ಮಾತು ಕೇಳುವ ಬುದ್ಧಿ.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ನೋಡಿದ್ದೀರಿ ತಾನೆ? 2022ರ ಅಕ್ಟೋಬರ್ 28ರಂದು ತೆರೆ ಕಂಡಿತು. ಅಪ್ಪು ನಮ್ಮನ್ನು ಅಗಲಿ ಒಂದು ವರ್ಷ ತುಂಬಲು ಒಂದೇ ದಿನ ಬಾಕಿ. ಅಪ್ಪನ ‘ಗಂಧದ ಗುಡಿ’ 1973ರದ್ದು, ಅದರಲ್ಲಿ ಅಣ್ಣಾವ್ರು ಕಾಡು ಕಾಯುವ ಅಧಿಕಾರಿ. ಮಗನ ಚಿತ್ರದಲ್ಲಿ ಪಾತ್ರವೇ ಇಲ್ಲ, ಅಪ್ಪು ಅಪ್ಪುವಾಗಿಯೇ ಅಮೋಘವರ್ಷ ಅವರ ಜೊತೆ ನಾಡು ಸುತ್ತುತ್ತಾರೆ. ಕಾಡು ಸುತ್ತಿ, ಬೆಟ್ಟ ಹತ್ತಿ, ಕೊನೆಗೆ ಸಮುದ್ರಕ್ಕೂ ಇಳಿಯುತ್ತಾರೆ. ಆ ಸಮುದ್ರ ಯಾವ ಬಹಾಮಾಸಿನದೂ ಅಲ್ಲ, ಥಾಯ್ಲೆಂಡಿನದೂ ಅಲ್ಲ. ಅದು ನಮ್ಮ ನೇತ್ರಾಣಿ!

ಏನಿದು ನೇತ್ರಾಣಿ?

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ಕಡಲ ಒಳಗೆ ಇರುವ ಪುಟ್ಟ ದ್ವೀಪ. ಇಂಗ್ಲಿಷಿನವರು ‘ಪಿಜನ್ ಐಲ್ಯಾಂಡ್’ ಅಂತ ಹೆಸರಿಟ್ಟರು, ನಮ್ಮವರ ಬಾಯಲ್ಲಿ ಪಾರಿವಾಳ ಗುಡ್ಡ. ಮೇಲಿನಿಂದ ನೋಡಿದರೆ ಹೃದಯದ ಆಕಾರ, ಹಾಗಾಗಿ ಪ್ರೇಮಿಗಳಿಗೂ ಇಷ್ಟ! ಸುತ್ತ ಕಡಿದಾದ ಬಂಡೆ, ನೆತ್ತಿಯ ಮೇಲೆ ಹಸಿರು. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತದೆ.

ಒಂದು ಮಾತು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ದ್ವೀಪದ ಮೇಲೆ ಕಾಲಿಡುವಂತಿಲ್ಲ. ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ಜಾಗ ಅದು. ದೋಣಿ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದೆ, ನೀವು ಅಲ್ಲಿಂದಲೇ ನೀರಿಗೆ. "ಒಂದು ಸೆಲ್ಫಿಗೆ ಬಂಡೆ ಹತ್ತಲಾ ಅಣ್ಣಾ?" ಅಂತ ಕೇಳಿ ಬೈಸಿಕೊಳ್ಳಬೇಡಿ.

ಮುಳುಗುವ ಮಾತು ನಮ್ಮೂರಲ್ಲಿ ತಮಾಷೆಯಲ್ಲ

ಮಂಗಳೂರಿನ ಹುಡುಗ ಮನೆಯಲ್ಲಿ "ಡೈವಿಂಗಿಗೆ ಹೋಗ್ತೀನಿ" ಅಂದರೆ ಅಮ್ಮ "ಸನ್‌ಸ್ಕ್ರೀನ್ ಹಚ್ಕೋ" ಅನ್ನುತ್ತಾಳೆ. ಹೊಸನಗರದ ಹುಡುಗ "ನೀರಿನಡಿಗೆ ಹೋಗ್ತೀನಿ" ಅಂದರೆ ಮನೆಯಲ್ಲಿ ಅಜ್ಜಿಯ ಮುಖ ಕಪ್ಪಾಗುತ್ತದೆ. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿಂದಕ್ಕೆ ಹರಡಿಕೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಊರೂರನ್ನೇ ನುಂಗಿದಳು. ಗದ್ದೆ, ತೋಟ, ದೇವಸ್ಥಾನ, ಮನೆಯ ಜಗಲಿ ಎಲ್ಲ ನೀರಿನಡಿ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೇ ಈ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು ಅಂದರೆ ಉಳಿದದ್ದರ ಪಾಡೇನು? ಆಮೇಲೆ ವಾರಾಹಿಗೆ ಮಾಣಿ, ಚಕ್ರಾ, ಸಾವೇಹಕ್ಲು. ಒಂದೇ ತಾಲ್ಲೂಕಿಗೆ ಇಷ್ಟು ಮುಳುಗಡೆ! ನಮ್ಮ ಅಜ್ಜಿ ಮದುವೆಯಾಗಿ ಕಾಲಿಟ್ಟ ಮನೆಯೂ ಆ ಹಿನ್ನೀರಿನ ಕೆಳಗೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನಲ್ಲಿ ಕರಿಯ ಮರದ ಬೊಡ್ಡೆಗಳು ತಲೆ ಎತ್ತುತ್ತವಲ್ಲ, ಅವನ್ನು ನೋಡಿ "ಅಲ್ಲಿ ನಮ್ಮ ಹಲಸಿನ ಮರ ಇತ್ತು" ಅಂತ ಬೆರಳು ತೋರಿಸುವ ಅಜ್ಜಿಯರು ಇನ್ನೂ ಇದ್ದಾರೆ.

ಸಿನಿಮಾ ಮಂದಿಗೂ ಈ ನೋವು ಗೊತ್ತು. ಸಾಗರದ ನಾ. ಡಿಸೋಜ ಅವರ ಕಾದಂಬರಿಯನ್ನು ತೀರ್ಥಹಳ್ಳಿ ಕಡೆಯವರೇ ಆದ ಗಿರೀಶ್ ಕಾಸರವಳ್ಳಿ ‘ದ್ವೀಪ’ ಮಾಡಿದರು. ಸೌಂದರ್ಯ ತಾವೇ ನಿರ್ಮಿಸಿ, ತಾವೇ ನಾಯಕಿಯಾದರು. ಶ್ರೇಷ್ಠ ಚಿತ್ರಕ್ಕೆ ಸ್ವರ್ಣಕಮಲ ಬಂತು. ಏರುತ್ತಾ ಬರುವ ನೀರನ್ನು ನೋಡುತ್ತಾ ಮನೆ ಬಿಡದೆ ನಿಂತ ಆ ನಾಗಿಯನ್ನು ಮರೆಯಲಾದೀತೆ?

ಹೀಗಾಗಿ ನನ್ನ ಮೊದಲ ಸಲಹೆ: ಮನೆಯಲ್ಲಿ ಹೇಳಿ ಹೋಗಿ. "ಶಿವಮೊಗ್ಗಕ್ಕೆ ಇಂಟರ್‌ವ್ಯೂ ಇದೆ" ಅಂತ ಸುಳ್ಳು ಹೇಳಿ ಸಮುದ್ರಕ್ಕೆ ಇಳಿಯುವುದು ಹೀರೋಗಿರಿ ಅಲ್ಲ. ಎಲ್ಲಿಗೆ, ಯಾವ ದಿನ, ಯಾವ ಸಂಸ್ಥೆಯ ದೋಣಿ, ಎಷ್ಟು ಹೊತ್ತಿಗೆ ದಡಕ್ಕೆ ವಾಪಸ್ಸು ಅಂತ ಒಂದು ಚೀಟಿ ಬರೆದು ತಮ್ಮನ ಕೈಗೆ ಕೊಡಿ. ಒಂಟಿಯಾಗಿ ಹೋಗುವವನಿಗೆ ಆ ಚೀಟಿಯೇ ಅರ್ಧ ಇನ್ಷೂರೆನ್ಸ್.

ಇನ್ನೊಂದು ಮಾತು. "ಸಮುದ್ರಕ್ಕೇಕೆ, ನಮ್ಮ ಹಿನ್ನೀರಲ್ಲೇ ಮುಳುಗ್ತೀನಿ" ಅನ್ನುವ ಶೂರರಿದ್ದಾರೆ. ಬೇಡ ಮಾರಾಯ್ರೇ! ಕೆಸರು ನೀರು, ಕಣ್ಣಿಗೆ ಕಾಣದ ಬೊಡ್ಡೆ, ಕಾಲಿಗೆ ಸುತ್ತುವ ಬಲೆ. ಅಲ್ಲಿ ನಿಮ್ಮನ್ನು ಎತ್ತುವವರಿಲ್ಲ.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಡೈವಿಂಗ್ ದೋಣಿಗಳೂ ಮಳೆ ನಿಂತು ಕಡಲು ತಣ್ಣಗಾಗುವವರೆಗೆ ದಡದಲ್ಲೇ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಸೀಸನ್. ಅದರಲ್ಲೂ ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿ ಸುಮಾರಿಗೆ.

ಆದರೆ ನಮ್ಮ ಕಡೆಯ ಹುಡುಗರಿಗೆ ಆ ಎರಡು ತಿಂಗಳು ಕೊನೆ ಕೊಯ್ಲಿನ ಕಾಲ. ಅಡಿಕೆ ಸುಲಿಯುವ ಮನೆಗಳಲ್ಲಿ ರಾತ್ರಿಯೆಲ್ಲ ದೀಪ. ಕೈಯಲ್ಲಿ ನಾಲ್ಕು ಕಾಸು ಆಡುವುದೂ ಆಗಲೇ. ಹಾಗಾಗಿ ನನ್ನ ಲೆಕ್ಕದಲ್ಲಿ ಮಲೆನಾಡಿನವನಿಗೆ ಒಳ್ಳೆಯ ತಿಂಗಳು ಫೆಬ್ರವರಿ. ಕೊಯ್ಲು ಮುಗಿದಿರುತ್ತದೆ, ಜೇಬು ತುಂಬಿರುತ್ತದೆ, ಕಡಲು ಇನ್ನೂ ಸೌಮ್ಯ. ಕ್ರಿಸ್ಮಸ್ ರಜೆ, ಹೊಸ ವರ್ಷ, ಶನಿವಾರ ಭಾನುವಾರ ಬೇಡವೇ ಬೇಡ. ಲಾಡ್ಜಿನ ರೇಟು ಏರಿರುತ್ತದೆ, ದೋಣಿಯಲ್ಲಿ ಜಾತ್ರೆ. ಮಂಗಳವಾರ, ಬುಧವಾರ ಹೋಗಿ. ಒಬ್ಬನೇ ಹೋಗುವವನಿಗೆ ಇರುವ ದೊಡ್ಡ ಲಾಭವೇ ಇದು: ಯಾರ ರಜೆಗೂ ಕಾಯಬೇಕಿಲ್ಲ!

ದಾರಿ ಯಾವುದು?

ಹೊಸನಗರದಿಂದ ಕಡಲಿಗೆ ಇಳಿಯಲು ದಾರಿಗಳಿಗೆ ಬರವಿಲ್ಲ. ನಿಟ್ಟೂರು, ಕೊಲ್ಲೂರು, ಬೈಂದೂರು, ಭಟ್ಕಳ ಮೇಲೆ ಹೋದರೆ ಹತ್ತಿರ. ಕೊಲ್ಲೂರಿನಲ್ಲಿ ಮೂಕಾಂಬಿಕೆಗೊಂದು ನಮಸ್ಕಾರ, ಒಂದು ಚಹಾ, ಮುಂದಿನ ಬಸ್ಸು. ನಗರದ ಕಡೆಯವರು ಹುಲಿಕಲ್ ಘಾಟಿ ಇಳಿದು ಕುಂದಾಪುರ ಸೇರಿ ಉತ್ತರಕ್ಕೆ ತಿರುಗಬಹುದು. ಬೈಂದೂರು ತಲುಪಿದಿರೋ, ಆಮೇಲೆ ಹೆದ್ದಾರಿ. ಬಸ್ಸಿಗೆ ಕೈ ಒಡ್ಡಿದರೆ ಸಾಕು.

ಬೇರೆ ಕಡೆಯ ಓದುಗರಿಗೆ ಒಂದು ಮಾತು: ಮುರುಡೇಶ್ವರಕ್ಕೆ ಕೊಂಕಣ ರೈಲ್ವೆಯ ಸ್ಟೇಷನ್ನೇ ಇದೆ. ನಮ್ಮ ತಾಲ್ಲೂಕಿನ ಅರಸಾಳು ಸ್ಟೇಷನ್ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯಾಗಿ ಮೆರೆದದ್ದು ಗೊತ್ತಲ್ಲ? ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಆದರೆ ಆ ಹಳಿ ಕಡಲಿಗೆ ಇಳಿಯುವುದಿಲ್ಲ. ಕಡಲಿಗೆ ನಮಗೆ ಬಸ್ಸೇ ಗತಿ. ಸರ್ಕಾರಿ ಬಸ್ಸಿನಲ್ಲಿ ಅಕ್ಕ ತಂಗಿಯರಿಗೆ ಟಿಕೆಟ್ಟು ಫ್ರೀ, ನಾವು ಮಾತ್ರ ಪರ್ಸು ಬಿಚ್ಚಬೇಕು!

ಜೇಬಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲ ಸಲ ಇಳಿಯುವವನು ಮಾಡುವುದು ‘ಟ್ರೈ ಡೈವ್’. ಕೋಚು ನಿಮ್ಮ ಪಕ್ಕದಲ್ಲೇ ಇರುತ್ತಾನೆ, ಸಲಕರಣೆ ಎಲ್ಲ ಅವರದೇ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ನಾಲ್ಕೂವರೆಯಿಂದ ಆರು ಸಾವಿರ ರೂಪಾಯಿವರೆಗೆ ಕೇಳುತ್ತಾರೆ. ಸಂಸ್ಥೆಗೆ ತಕ್ಕಂತೆ, ಸೀಸನ್ನಿಗೆ ತಕ್ಕಂತೆ ಹೆಚ್ಚು ಕಡಿಮೆ. ನಡುವಿನ ದರ ಹಿಡಿದು ನಾನು ಹಾಕಿದ ಲೆಕ್ಕ ಇಲ್ಲಿದೆ:

ಡೈವಿಂಗ್: ರೂ. 5,500
ಎರಡು ರಾತ್ರಿ ಲಾಡ್ಜ್, ದಿನಕ್ಕೆ 900ರಂತೆ: ರೂ. 1,800
ಊಟ, ತಿಂಡಿ, ಚಹಾ: ರೂ. 900
ಹೋಗಿ ಬರುವ ಬಸ್ಸು, ಆಟೋ: ರೂ. 600
ಕೈಖರ್ಚು, ಆಪತ್ತಿಗೆ: ರೂ. 700
ಒಟ್ಟು: ರೂ. 9,500

"ಒಂಬತ್ತೂವರೆ ಸಾವಿರವಾ!" ಅಂತ ಬಾಯಿ ಮೇಲೆ ಕೈ ಇಡಬೇಡಿ. ದೊಡ್ಡ ಮೊತ್ತವೇ, ಇಲ್ಲ ಅನ್ನೋದಿಲ್ಲ. ನೀರಿನಡಿ ನೀವಿರುವುದು ಅರ್ಧ ಗಂಟೆಯ ಆಸುಪಾಸು. ಅಷ್ಟಕ್ಕೆ ಇಷ್ಟಾ ಅಂತ ಅಪ್ಪ ಕೇಳಿದರೆ ತಪ್ಪೂ ಅಲ್ಲ. ಆದರೆ ದೋಣಿ ನಿಲ್ಲುವ ತಿಂಗಳಿನಿಂದಲೇ ಉಳಿತಾಯ ಶುರು ಮಾಡಿ ನೋಡಿ. ಜೂನಿನಿಂದ ನವೆಂಬರಿನವರೆಗೆ ಆರು ತಿಂಗಳು, ತಿಂಗಳಿಗೆ 1,600 ರೂಪಾಯಿ ಎತ್ತಿಟ್ಟರೆ 9,600 ಆಯಿತು. ನೂರು ರೂಪಾಯಿ ಮಿಕ್ಕಿತು, ಅದಕ್ಕೆ ಗೋಳಿಬಜೆ ತಿನ್ನಿ. ಸಾಲ ಮಾಡಿ ಮಾತ್ರ ಹೋಗಬೇಡಿ. ಇಎಂಐ ಕಟ್ಟುತ್ತಾ ನೆನಪಿಸಿಕೊಳ್ಳುವ ಮೀನಿಗೆ ಬಣ್ಣ ಇರುವುದಿಲ್ಲ.

ಗೋವಾ, ಮಹಾರಾಷ್ಟ್ರದ ಮಾಲ್ವಣ, ಅಂಡಮಾನ್, ಲಕ್ಷದ್ವೀಪದಲ್ಲೂ ಡೈವಿಂಗ್ ಇದೆ. ಅಂಡಮಾನಿಗೆ ವಿಮಾನದ ಟಿಕೆಟ್ಟೇ ನಮ್ಮ ಇಡೀ ಬಜೆಟ್ಟನ್ನು ನುಂಗಿ ನೀರು ಕುಡಿಯುತ್ತದೆ. ಮೊದಲ ಪಾಠಕ್ಕೆ ನೇತ್ರಾಣಿ ಸಾಕು.

ಒಂಟಿ ಗಂಡಸಿಗೆ ರೂಮಿಲ್ಲ!

ಒಬ್ಬನೇ ಹೋದವನ ನಿಜವಾದ ವಿಲನ್ ಸಮುದ್ರವಲ್ಲ, ಲಾಡ್ಜಿನ ಕೌಂಟರು. ಕರಾವಳಿಯ ಒಂದು ಊರಿನಲ್ಲಿ ಸಂಜೆ ಏಳು ಗಂಟೆಗೆ ಬ್ಯಾಗು ಹೊತ್ತು ನಿಂತ ನನಗೆ "ಸಿಂಗಲ್ಲಾ? ರೂಮಿಲ್ಲ" ಅಂದರು. ಗೋಡೆಯ ಮೇಲೆ ಹತ್ತು ಕೀಲಿ ಕೈ ತೂಗುತ್ತಿತ್ತು! ಅವರ ಭಯವೂ ಸುಳ್ಳಲ್ಲ. ಒಂಟಿಯಾಗಿ ಬಂದವನು ರೂಮಿನಲ್ಲಿ ಏನಾದರೂ ಮಾಡಿಕೊಂಡರೆ ಪೊಲೀಸು, ಪಂಚನಾಮೆ ಅಂತ ಅವರು ಹೆದರುತ್ತಾರೆ.

ಇದಕ್ಕೆ ಮದ್ದು ಇದೆ. ಮೊದಲೇ ಫೋನ್ ಮಾಡಿ "ನಾನು ಒಬ್ಬನೇ, ಡೈವಿಂಗಿಗೆ ಬರ್ತಿದ್ದೀನಿ" ಅಂತ ಬಾಯಿಬಿಟ್ಟು ಹೇಳಿ. ಡೈವಿಂಗ್ ಬುಕಿಂಗಿನ ರಸೀತಿ ತೋರಿಸಿ. ಆಧಾರ್ ಕಾರ್ಡು ಮರೆಯಬೇಡಿ. ಬೆಳಕಿರುವಾಗಲೇ ಊರು ತಲುಪಿ. ಡೈವಿಂಗಿನವರನ್ನೇ ಕೇಳಿದರೆ ಒಂಟಿಗರಿಗೆ ಜಾಗ ಕೊಡುವ ಮನೆ, ಲಾಡ್ಜು ಅವರಿಗೆ ಗೊತ್ತಿರುತ್ತದೆ.

ಇನ್ನೊಂದು ಸ್ವಾರಸ್ಯ ಹೇಳಲಾ? ದಡದ ಮೇಲೆ ನೀವು ಒಂಟಿ, ನೀರಿನಲ್ಲಿ ಅಲ್ಲ. ಜೊತೆಗಾರನಿಲ್ಲದೆ ಯಾರೂ ಮುಳುಗಬಾರದು ಅನ್ನುವುದು ಇಡೀ ಜಗತ್ತಿನ ಡೈವಿಂಗ್ ಮಂದಿ ಪಾಲಿಸುವ ಶಿಸ್ತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ರೂಮಿನಲ್ಲಿ ಯಾರೂ ಮಾತಾಡಿಸದ ಹುಡುಗನ ಕೈಯನ್ನು ಸಮುದ್ರದ ಅಡಿಯಲ್ಲಿ ಒಬ್ಬ ಅಪರಿಚಿತ ಬಿಡದೆ ಹಿಡಿದುಕೊಂಡಿರುತ್ತಾನೆ!

ದುಡ್ಡು ಕಟ್ಟುವ ಮೊದಲು ಕೇಳಿ

ಬೀಚಿನಲ್ಲಿ "ಬನ್ನಿ ಸಾರ್, ಕಮ್ಮಿ ರೇಟು" ಅನ್ನುವ ಏಜೆಂಟನ ಕೈಗೆ ದುಡ್ಡು ಕೊಡಬೇಡಿ. ನೇರವಾಗಿ ಸಂಸ್ಥೆಯ ಆಫೀಸಿಗೆ ಹೋಗಿ ಈ ಪ್ರಶ್ನೆಗಳನ್ನು ಕೇಳಿ. ಪರವಾನಗಿ ಇದೆಯಾ? ಕೋಚಿನ ಸರ್ಟಿಫಿಕೇಟು ಯಾವುದು? ಒಬ್ಬ ಕೋಚಿಗೆ ಎಷ್ಟು ಜನ? ನೀರಿನಡಿ ಎಷ್ಟು ನಿಮಿಷ? ದೋಣಿಯಲ್ಲಿ ಆಮ್ಲಜನಕದ ಕಿಟ್ಟು, ಲೈಫ್ ಜಾಕೆಟ್ಟು ಇದೆಯಾ? ಹವಾಮಾನ ಕೆಟ್ಟರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ಫೋಟೋ, ವಿಡಿಯೋ ದರದಲ್ಲಿ ಸೇರಿದೆಯಾ, ಬೇರೆಯಾ?

ಉತ್ತರ ಕೊಡುವಾಗ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಐನೂರು ರೂಪಾಯಿ ಉಳಿಸಲು ಹೋಗಿ ಕೋಚಿಲ್ಲದ ದೋಣಿ ಹತ್ತುವುದು ಉಳಿತಾಯವಲ್ಲ.

ಆರೋಗ್ಯದ ಫಾರಂ ಒಂದನ್ನು ತುಂಬಿಸುತ್ತಾರೆ. ಅಲ್ಲಿ ಸತ್ಯ ಬರೆಯಿರಿ. ಆಸ್ತಮಾ, ಮೂರ್ಛೆ ರೋಗ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬಾರದು. ಬರೀ ನೆಗಡಿ ಇದ್ದರೂ ಆ ದಿನ ಬೇಡ, ಕಿವಿಗೆ ಪೆಟ್ಟು. ಹಿಂದಿನ ರಾತ್ರಿ ‘ಎಣ್ಣೆ’ ಪಾರ್ಟಿ ಅಂತೂ ಖಂಡಿತ ಬೇಡ!

ಗಾಳಿಯ ಗಣಿತ

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಬರೀ ಆಮ್ಲಜನಕ ಇರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ, ನಾವು ನೀವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಬೇಕೆಂದಾಗ ಬೇಕಾದಷ್ಟೇ ಗಾಳಿ ಬಾಯಿಗೆ ಬರುವಂತೆ ಮಾಡುವ ಕವಾಟವನ್ನು 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾಂ ಎಂಬ ಇಬ್ಬರು ತಯಾರಿಸಿದರು. ಆ ಕೂಸ್ತೋ ಸಿನಿಮಾ ಹುಚ್ಚಿನವನೂ ಹೌದು. ಲೂಯಿ ಮಾಲ್ ಜೊತೆ ಸೇರಿ ಆತ ತೆಗೆದ ಸಮುದ್ರದಡಿಯ ಚಿತ್ರ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು, ಆಮೇಲೆ ಆಸ್ಕರ್ ಕೂಡ. ಅಲ್ಲಿಂದ ದಾರಿ ತೆರೆಯಿತು ನೋಡಿ. 1965ರ ‘ಥಂಡರ್‌ಬಾಲ್’ನಲ್ಲಿ ಜೇಮ್ಸ್ ಬಾಂಡ್ ನೀರಿನಡಿಯಲ್ಲೇ ಫೈಟ್ ಮಾಡಿದ. 2011ರ ‘ಜಿಂದಗಿ ನಾ ಮಿಲೇಗಿ ದೋಬಾರಾ’ದಲ್ಲಿ ನೀರಿಗೆ ಹೆದರುವ ಹೃತಿಕ್ ರೋಷನ್ ಸ್ಪೇನಿನ ಕಡಲಿಗೆ ಇಳಿದ, ನಮ್ಮ ದೇಶದ ಹುಡುಗರಿಗೆಲ್ಲ ಸ್ಕೂಬಾ ಹುಚ್ಚು ಹಿಡಿಯಿತು.

ಈಗ ಸ್ವಲ್ಪ ವಿಜ್ಞಾನ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಅರ್ಥವಾಗುವ ಲೆಕ್ಕ, ಗಾಬರಿ ಬೇಡ. ಸಮುದ್ರದಲ್ಲಿ ಪ್ರತಿ 10 ಮೀಟರು ಕೆಳಗೆ ಹೋದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ 10 ಮೀಟರಿನಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಉಸಿರೆಳೆದು, ಬಿಗಿಹಿಡಿದು, ಮೇಲಕ್ಕೆ ಚಿಮ್ಮಿದಿರಿ ಅನ್ನಿ. ಮೇಲೆ ಬರುವ ಹೊತ್ತಿಗೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಬಲೂನು ಅಲ್ಲ, ಹರಿದು ಹೋಗುತ್ತದೆ.

ಹಾಗಾಗಿ ಮೊದಲ ನಿಯಮ: ಉಸಿರು ಎಂದೂ ಬಿಗಿಹಿಡಿಯಬೇಡಿ. ಸಿನಿಮಾದಲ್ಲಿ ಉಸಿರು ಬಿಗಿಹಿಡಿದವನು ಹೀರೋ. ಇಲ್ಲಿ ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವವನೇ ಹೀರೋ. ಎರಡನೆಯದು, ಇಳಿಯುವಾಗ ಕಿವಿ ಒತ್ತುತ್ತದೆ. ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ, ಕಿವಿ ‘ಪಟ್’ ಅನ್ನುತ್ತದೆ. ಅನ್ನದಿದ್ದರೆ ಸ್ವಲ್ಪ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಿ. ಹಟ ಬೇಡ. ಮೂರನೆಯದು, ಮೇಲೆ ಬರುವಾಗ ಅವಸರ ಬೇಡ.

ನಾಲ್ಕನೆಯದು ಅಭಿಮಾನಿ ದೇವರುಗಳಿಗೆ ವಿಶೇಷ ಸೂಚನೆ. ನೀರಿನಡಿ ಹೆಬ್ಬೆರಳು ಎತ್ತಿ ತೋರಿಸಿದರೆ ‘ಸೂಪರ್ ಗುರು’ ಅಂತ ಅರ್ಥವಲ್ಲ, ‘ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗು’ ಅಂತ! ಖುಷಿಯಲ್ಲಿ ಹೆಬ್ಬೆರಳು ಎತ್ತಿದರೆ ಕೋಚು ಸೀದಾ ಮೇಲಕ್ಕೆ ತರುತ್ತಾನೆ, ಐದೂವರೆ ಸಾವಿರ ಗೋವಿಂದ. ಎಲ್ಲ ಸರಿ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿ.

ಕೆಳಗೆ ಏನಿದೆ?

ದೋಣಿ ಒಂದು ಒಂದೂವರೆ ಗಂಟೆ ಕುಲುಕುತ್ತಾ ಸಾಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ, ಎರಡು ಇಡ್ಲಿ ಸಾಕು. ವಾಂತಿ ಬರುವಂತಾದರೆ ದೂರದ ದಿಗಂತ ನೋಡುತ್ತಾ ಕೂರಿ, ಮೊಬೈಲು ನೋಡಬೇಡಿ. ಹಿಂದೆ ಮುರುಡೇಶ್ವರದ 123 ಅಡಿಯ ಶಿವ ಬೆರಳಿನಷ್ಟಾಗುತ್ತಾನೆ. ಮುಂದೆ ನೇತ್ರಾಣಿ ಬೆಳೆಯುತ್ತಾ ಬರುತ್ತದೆ.

ಗಾಜಿಗೆ ಒಳಗಿನಿಂದ ಉಗುಳು ಸವರಿ ತೊಳೆಯಲು ಹೇಳುತ್ತಾರೆ. ಅಸಹ್ಯಪಡಬೇಡಿ, ಮಂಜು ಕಟ್ಟದಿರಲು ಅದೇ ಉಪಾಯ. ಮೊದಲ ಎರಡು ನಿಮಿಷ ಎದೆ ಡಬಡಬ. ಸ್ವಂತ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಆಮೇಲೆ ಪರದೆ ಏಳುತ್ತದೆ!

ಚಿಟ್ಟೆ ಮೀನು, ಗಿಳಿ ಮೀನು, ಬಂಡೆಯ ಸಂದಿನಿಂದ ಬಾಯಿ ತೆರೆದು ಇಣುಕುವ ಮೊರೆ ಈಲ್, ಪೊಲೀಸ್ ಕವಾಯತಿನಂತೆ ಸಾಲಾಗಿ ಸಾಗುವ ಬರಾಕುಡಾ. ಅದೃಷ್ಟವಿದ್ದರೆ ಆಮೆ. ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕಂಡವರೂ ಇದ್ದಾರೆ, ಹೆಸರಿಗೆ ಶಾರ್ಕ್ ಆದರೂ ಅದು ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು. ಕಡಲು ಒಳ್ಳೆಯ ಕ್ಯಾಮೆರಾಮನ್ ಕೂಡ. ಗಾಜಿನ ಮೂಲಕ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಊರಿಗೆ ಬಂದು "ಇಷ್ಟುದ್ದ ಮೀನು" ಅಂತ ಕೈ ಅಗಲಿಸುವಾಗ ಸ್ವಲ್ಪ ಕಡಿಮೆ ಮಾಡಿ! ಬಣ್ಣಗಳ ಪೈಕಿ ಮೊದಲು ಸಾಯುವುದು ಕೆಂಪು. ಕೆಲವೇ ಮೀಟರು ಇಳಿದರೆ ಕೆಂಪು ಅಂಗಿ ಕಂದಾಗುತ್ತದೆ, ಟಾರ್ಚು ಬಿಟ್ಟರೆ ಮತ್ತೆ ಕೆಂಪು. ಸದ್ದು ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ದೋಣಿಯ ಎಂಜಿನ್ ಯಾವ ಕಡೆ ಇದೆ ಅಂತ ಗೊತ್ತಾಗುವುದೇ ಇಲ್ಲ, ಎಲ್ಲ ಕಡೆಯಿಂದಲೂ ಕೇಳುತ್ತದೆ. ಯಾವ ಡಿಟಿಎಸ್ ಥಿಯೇಟರು ಇದಕ್ಕೆ ಸಮ?

ಹವಳವನ್ನು ಮುಟ್ಟಬೇಡಿ. ಅದು ಕಲ್ಲಲ್ಲ, ಜೀವ. ನೆಚ್ಚಿನ ನಾಯಕನ ಬ್ಯಾನರು ಕಟ್ಟಲು ಸಮುದ್ರ ಜಾಗವಲ್ಲ. ಬಿಸ್ಕತ್ತು ಪೊಟ್ಟಣ, ನೀರಿನ ಬಾಟ್ಲಿ ದೋಣಿಯಿಂದ ಎಸೆಯಬೇಡಿ. ‘ಗಂಧದ ಗುಡಿ’ಗೆ ಕಣ್ಣೀರು ಹಾಕಿದವರು ಗುಡಿಯಲ್ಲಿ ಕಸ ಹಾಕಬಾರದು.

ದಡದಲ್ಲಿ ಇನ್ನೂ ಎಚ್ಚರ

ಬಹಳ ಜನರಿಗೆ ಗೊತ್ತಿಲ್ಲದ ಮಾತು ಇದು: ಕೋಚಿನ ಜೊತೆ 10 ಮೀಟರು ಮುಳುಗುವುದಕ್ಕಿಂತ ದಡದಲ್ಲಿ ಸೊಂಟದ ಮಟ್ಟಕ್ಕೆ ಇಳಿದು ಆಡುವುದು ಅಪಾಯ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗೆ ಸಿಕ್ಕಿ ಜೀವ ಕಳೆದುಕೊಂಡರು. ಆ ಬಳಿಕ ಕಡಲತೀರಕ್ಕೆ ಪ್ರವಾಸಿಗರನ್ನೇ ಕೆಲಕಾಲ ಬಿಡಲಿಲ್ಲ. ನಮ್ಮ ಕಡೆಯ ಹುಡುಗರು ಹೊಳೆಯಲ್ಲಿ ಈಜಿ ಬೆಳೆದವರು. "ನಮಗೆ ಬರ್ತದೆ" ಅನ್ನುವ ಧೈರ್ಯ. ಹೊಳೆಯ ಸೆಳೆತ ಒಂದೇ ಕಡೆಗೆ, ಕಡಲಿನದು ಹಿಂದಕ್ಕೆ ಎಳೆಯುತ್ತದೆ. ಜೀವರಕ್ಷಕರು ಶಿಳ್ಳೆ ಹೊಡೆದರೆ ಅದು ಸಿನಿಮಾ ಶಿಳ್ಳೆಯಲ್ಲ, ತಕ್ಷಣ ದಡಕ್ಕೆ ಬನ್ನಿ.

ಘಟ್ಟ ಹತ್ತುವ ಮುನ್ನ ಒಂದು ರಾತ್ರಿ

ಲೆಕ್ಕದಲ್ಲಿ ಎರಡು ರಾತ್ರಿ ಲಾಡ್ಜು ಹಾಕಿದ್ದು ಯಾಕೆ ಅಂತ ಕೆಲವರು ಗುರುಗುಟ್ಟಿರಬಹುದು. ಡೈವ್ ಮುಗಿಸಿ ಅದೇ ಸಂಜೆ ಬಸ್ಸು ಹತ್ತಿದರೆ 900 ರೂಪಾಯಿ ಉಳೀತದಲ್ಲ?

ಉಳೀತದೆ. ಆದರೆ ಕಾರಣ ಕೇಳಿ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಕೂಡಲೇ ಎತ್ತರಕ್ಕೆ ಹೋದರೆ, ಸೋಡಾ ಬಾಟ್ಲಿಯ ಮುಚ್ಚಳ ತೆಗೆದಂತೆ ಗುಳ್ಳೆ ಏಳಬಹುದು. ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಅನ್ನುವ ನಿಯಮ ಇರುವುದು ಅದಕ್ಕೇ. 2,000 ಅಡಿಗಿಂತ ಮೇಲಿನ ಎತ್ತರಕ್ಕೂ ಇದೇ ಎಚ್ಚರಿಕೆ ಹೇಳುತ್ತಾರೆ.

ನಮಗೆ ವಿಮಾನವಿಲ್ಲ, ಆದರೆ ಘಟ್ಟವಿದೆ! ಲಿಂಗನಮಕ್ಕಿಯ ತುಂಬಿದ ಮಟ್ಟವೇ ಸಮುದ್ರಮಟ್ಟದಿಂದ 1,819 ಅಡಿ ಅನ್ನುವುದು ನಮ್ಮ ಜಿಲ್ಲೆಯ ಮಕ್ಕಳಿಗೂ ಬಾಯಿಪಾಠ. ಹೊಸನಗರ ಪೇಟೆ ಅದಕ್ಕಿಂತ ಮೇಲೆ. ದಾರಿಯಲ್ಲಿ ಕೊಡಚಾದ್ರಿ ಹತ್ತಿ ಬರೋಣ ಅಂದರಂತೂ 1,343 ಮೀಟರು. ಟ್ರೈ ಡೈವಿನ ಆಳಕ್ಕೆ ಅಪಾಯ ಕಡಿಮೆಯೇ, ಆದರೂ ಆ ರಾತ್ರಿ ಕಡಲ ಮಟ್ಟದಲ್ಲೇ ಮಲಗಿ ಬೆಳಿಗ್ಗೆ ಘಟ್ಟ ಹತ್ತುವುದು ಜಾಣತನ. ಈ ಮಾತನ್ನು ಬೆಂಗಳೂರಿನ ಬ್ಲಾಗಿನವರು ಹೇಳುವುದಿಲ್ಲ, ಹೊಸನಗರದವನಿಗೆ ಹೊಸನಗರದವನೇ ಹೇಳಬೇಕು.

ಹುಚ್ಚು ಹಿಡಿದರೆ?

ಹಿಡಿಯುತ್ತದೆ, ಅದು ಗ್ಯಾರಂಟಿ. ಮುಂದಿನ ಮೆಟ್ಟಿಲು ‘ಓಪನ್ ವಾಟರ್’ ಕೋರ್ಸು. ಮೂರು ನಾಲ್ಕು ದಿನ, ಪರೀಕ್ಷೆ ಇದೆ, 200 ಮೀಟರು ಈಜಬೇಕು, 10 ನಿಮಿಷ ತೇಲಬೇಕು. ಪಾಸಾದರೆ 18 ಮೀಟರು ಆಳದವರೆಗೆ ಜೊತೆಗಾರನೊಂದಿಗೆ ಇಳಿಯುವ ಕಾರ್ಡು, ಜಗತ್ತಿನ ಎಲ್ಲೆಡೆ ನಡೆಯುತ್ತದೆ. ಖರ್ಚು ಇಪ್ಪತ್ತು ಸಾವಿರ ದಾಟುತ್ತದೆ, ಅದು ಮುಂದಿನ ಕೊಯ್ಲಿನ ಮಾತು. ಇದನ್ನು ಬರೀ ಶೋಕಿ ಅನ್ನಬೇಡಿ. ಕೋರ್ಸಿನ ಮೇಲೆ ಕೋರ್ಸು ಮಾಡಿ ಕೋಚಾದರೆ ಅದೇ ಒಂದು ಉದ್ಯೋಗ. ಡಿಗ್ರಿ ಕೇಳುವುದಿಲ್ಲ, ನೀರು ಗೊತ್ತಾ ಅಂತ ಕೇಳುತ್ತಾರೆ. ಅದು ನಮ್ಮವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ವಾಪಸ್ಸು ಬರುವಾಗ ಸ್ವಲ್ಪ ಸುತ್ತಾದರೂ ಹೊನ್ನಾವರದ ದಾರಿ ಹಿಡಿಯಿರಿ. ಅಲ್ಲಿ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ನೋಡಿ. ಕಡಲು ಸೇರುತ್ತಿರುವ ಆ ಅಗಲವಾದ ಹೊಳೆ ಬೇರಾರೂ ಅಲ್ಲ, ನಮ್ಮ ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಅಜ್ಜಿಯರ ಮನೆಗಳ ಮೇಲೆ ಹರಡಿ, ಜೋಗದಲ್ಲಿ 830 ಅಡಿ ಬಿದ್ದು, ಗೇರುಸೊಪ್ಪೆ ಇಳಿದು ಬಂದವಳು. ಅಲ್ಲಿಂದ ಅವಳ ದಡ ಹಿಡಿದೇ ಜೋಗ, ಸಾಗರ, ಹೊಸನಗರ. ಮನೆಗೆ ಹೋದ ಕೂಡಲೇ ಮೊಬೈಲಿನಲ್ಲಿರುವ ಮೀನಿನ ವಿಡಿಯೋವನ್ನು ಮೊದಲು ಅಜ್ಜಿಗೆ ತೋರಿಸಿ, ಗೆಳೆಯರಿಗೆ ಆಮೇಲೆ. ನೀರಿನಡಿ ಇಷ್ಟೊಂದು ಬೆಳಕು ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.